ಸುಬಾರು ಟರ್ಬೊಗಳಿಗೆ ಕಾಬ್ ಅಕ್ಸೆಸ್‌ಪೋರ್ಟ್ ವಿ3: ಲಾಗ್ ಓದಲು ಬರುವವರಿಗೆ ಪೂರ್ತಿ ಲಾಭ

ಕಾಬ್ ಕಂಪನಿಯ ಅಕ್ಸೆಸ್‌ಪೋರ್ಟ್ ಎಂದರೆ ಅಂಗೈಯಲ್ಲಿ ಹಿಡಿಸುವ ಡಬ್ಬಿ, ಕಾರಿನ ಒಬಿಡಿ (ದೋಷ ಪರೀಕ್ಷೆಯ) ಪೋರ್ಟಿಗೆ ಒಂದು ಕೇಬಲ್, ಪರದೆಯ ಮೇಲೆ ನಾಲ್ಕೈದು ಮೆನು. ಮ್ಯಾಪ್ (ಇಂಜಿನ್ ನಡೆಸುವ ಅಂಕಿಗಳ ಕಡತ) ಆರಿಸಿ ಫ್ಲ್ಯಾಶ್ ಮಾಡಿದರೆ, ಅಂದರೆ ಅದನ್ನು ಇಂಜಿನ್‌ನ ಕಂಪ್ಯೂಟರ್ ಆದ ಇಸಿಯುಗೆ ಬರೆದರೆ, ಅದೇ ಕಾರು ಮೊದಲಿಗಿಂತ ಜೋರಾಗಿ ಎಳೆಯುತ್ತದೆ. ಹೆಚ್ಚಿನವರು ಅಕ್ಸೆಸ್‌ಪೋರ್ಟ್ ಕೊಳ್ಳುವುದು ಈ ಒಂದು ಕ್ಷಣಕ್ಕೆ. ಅಷ್ಟಕ್ಕೇ ಆದರೆ ಇದು ದುಬಾರಿ ವಸ್ತು. ಇದರ ನಿಜವಾದ ಬೆಲೆ ಲಾಗಿಂಗ್‌ನಲ್ಲಿದೆ, ಅಂದರೆ ಓಡುವಾಗಿನ ಅಂಕಿಗಳನ್ನು ದಾಖಲಿಸುವುದರಲ್ಲಿ. ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿ ಒತ್ತಡ) ಎಷ್ಟು ಕೇಳಿದ್ದೇವೆ, ಎಷ್ಟು ಬಂತು, ಆ ಹೊತ್ತಿಗೆ ಇಗ್ನಿಷನ್ ಟೈಮಿಂಗ್ (ಕಿಡಿ ಬೀಳುವ ಸಮಯ) ಎಲ್ಲಿತ್ತು, ಇಸಿಯು ಅದನ್ನು ಎಷ್ಟು ಹಿಂದಕ್ಕೆ ಎಳೆಯಿತು, ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಇಟ್ಟು ತೋರಿಸುತ್ತದೆ. ಟರ್ಬೊ ಇಂಜಿನ್ ಟ್ಯೂನಿಂಗ್‌ನ ಮುಕ್ಕಾಲು ಪಾಲು ಆ ಸಾಲನ್ನು ಓದುವುದರಲ್ಲೇ ಇದೆ.

ಇಲ್ಲಿನ ಮಾತೆಲ್ಲ ಸುಬಾರು ಇಜೆ ಮತ್ತು ಎಫ್‌ಎ20 ಟರ್ಬೊ ಇಂಜಿನ್‌ಗಳ ಆವೃತ್ತಿಯ ಬಗ್ಗೆ. ಫೋರ್ಡ್, ನಿಸ್ಸಾನ್, ಮಾಜ್ಡಾ ಕಾರುಗಳಿಗೂ ಅಕ್ಸೆಸ್‌ಪೋರ್ಟ್ ಬರುತ್ತದೆ. ಅಲ್ಲಿ ಮಾನಿಟರ್‌ಗಳ (ಪರದೆ ತೋರಿಸುವ ಅಂಕಿಗಳ) ಹೆಸರು, ನಾಕ್ (ಸಿಲಿಂಡರಿನಲ್ಲಿ ಮಿಶ್ರಣ ತಾನಾಗಿಯೇ ಸಿಡಿದು ಉರಿಯುವುದು) ಆದಾಗ ಇಸಿಯು ನಡೆದುಕೊಳ್ಳುವ ರೀತಿ ಎರಡೂ ಬೇರೆ.

ಮೊದಲು ಕಿರಿಕಿರಿಗಳನ್ನು ಮುಗಿಸಿಬಿಡೋಣ. ಡಬ್ಬಿ ಒಂದು ಸಲಕ್ಕೆ ಒಂದೇ ಕಾರಿಗೆ ಗಂಟು ಬೀಳುತ್ತದೆ. ಕಂಪನಿಯ ಭಾಷೆಯಲ್ಲೇ ಇದಕ್ಕೆ ಮದುವೆ ಎನ್ನುತ್ತಾರೆ. ಬೇರೆ ಕಾರಿಗೆ ಹಾಕಬೇಕೆಂದರೆ ಮೊದಲನೆಯದರಿಂದ ಅನ್‌ಇನ್‌ಸ್ಟಾಲ್ ಮಾಡಲೇಬೇಕು. ಸೆಕೆಂಡ್ ಹ್ಯಾಂಡ್ ಡಬ್ಬಿ ಕೊಳ್ಳುವವರು ನೋಡಬೇಕಾದ ಮೊದಲ ವಿಷಯ ಇದು: ಪರದೆಯಲ್ಲಿ ಅದು ಇನ್‌ಸ್ಟಾಲ್ ಆಗಿಲ್ಲ ಎಂದು ಕಾಣಬೇಕು. ಹಳೆಯ ಮಾಲೀಕರ ಕಾರಿಗೆ ಅಂಟಿಕೊಂಡಿರುವ ಡಬ್ಬಿ ನಿಮ್ಮ ಕಾರಿನಲ್ಲಿ ಕೆಲಸಕ್ಕೆ ಬಾರದು. ಸರ್ವಿಸ್‌ಗೆ ಬಿಡುವ ಮುನ್ನವೂ ಅನ್‌ಇನ್‌ಸ್ಟಾಲ್ ಮಾಡಿ. ಸರ್ವಿಸ್‌ನವರು ಇಸಿಯುಗೆ ಹೊಸ ಸಾಫ್ಟ್‌ವೇರ್ ಹಾಕಿಬಿಟ್ಟರೆ ಡಬ್ಬಿಗೂ ಕಾರಿಗೂ ತಾಳ ತಪ್ಪುತ್ತದೆ. ಫ್ಲ್ಯಾಶ್ ಮಾಡುವಾಗ ಬ್ಯಾಟರಿ ಗಟ್ಟಿಯಾಗಿರಬೇಕು, ಎಸಿ ಫ್ಯಾನ್, ಲೈಟು, ಸ್ಟೀರಿಯೊ ಎಲ್ಲ ಬಂದ್. ಬ್ಯಾಟರಿಯ ಮೇಲೆ ಅನುಮಾನವಿದ್ದರೆ ಚಾರ್ಜರ್ ಹಚ್ಚಿ ಕೂತುಕೊಳ್ಳಿ. ಅರ್ಧ ಬರೆದ ಇಸಿಯುವಿನಿಂದ ಇಂಜಿನ್ ಸ್ಟಾರ್ಟ್ ಆಗದು. ಕೆಲವು ಹಳೆಯ ಇಜೆ ಮಾಡೆಲ್‌ಗಳಲ್ಲಿ ಡ್ಯಾಶ್ ಕೆಳಗಿನ ಹಸಿರು ಟೆಸ್ಟ್ ಕನೆಕ್ಟರ್‌ಗಳನ್ನು ಜೋಡಿಸಿದ ಮೇಲೆಯೇ ಫ್ಲ್ಯಾಶ್ ಶುರುವಾಗುತ್ತದೆ, ಮುಗಿದ ಮೇಲೆ ಅವನ್ನು ಬಿಡಿಸುವುದು ಮರೆಯಬಾರದು.

ಜೊತೆಗೆ ಬರುವ ರೆಡಿಮೇಡ್ ಮ್ಯಾಪ್‌ಗಳ ವಿಷಯಕ್ಕೆ ಬಂದರೆ, ಇಲ್ಲೇ ಅತಿ ಹೆಚ್ಚು ಜನ ಎಡವುತ್ತಾರೆ. ಮ್ಯಾಪ್ ಹೆಸರಿನಲ್ಲಿರುವ 91, 93 ಎಂಬ ಸಂಖ್ಯೆಗಳು ಅಮೆರಿಕದ ಪಂಪ್‌ಗಳಲ್ಲಿ ಬರೆಯುವ ಎಕೆಐ ಆಕ್ಟೇನ್, ಅಂದರೆ ಪೆಟ್ರೋಲ್ ನಾಕ್ ತಡೆಯುವ ಅಳತೆ. ಅದು ಆರ್‌ಒಎನ್ ಮತ್ತು ಎಂಒಎನ್ ಎಂಬ ಎರಡು ಪರೀಕ್ಷೆಗಳ ಅಂಕಿಗಳ ಸರಾಸರಿ. ಪಂಪಿನ ಮೇಲೆ ಆರ್‌ಒಎನ್ ಬರೆಯುವ ದೇಶಗಳಲ್ಲಿ 91 ಎಕೆಐ ಎಂದರೆ 95ರಿಂದ 96, 93 ಎಕೆಐ ಎಂದರೆ 97ರಿಂದ 98. ಆರ್‌ಒಎನ್ 95 ತುಂಬಿಸಿಕೊಂಡು, 93ಕ್ಕಿಂತ 95 ದೊಡ್ಡದಲ್ಲವೇ ಎಂದು 93ರ ಮ್ಯಾಪ್ ಹಾಕಿದರೆ ನಾಕ್ ಖಚಿತ. ಎಸಿಎನ್‌91 ಎಂಬ ಇನ್ನೊಂದು ಮ್ಯಾಪ್ ಇರುತ್ತದೆ. ಅರಿಝೋನಾ, ಕ್ಯಾಲಿಫೋರ್ನಿಯಾ, ನೆವಾಡಾ ರಾಜ್ಯಗಳ ಕಳಪೆ 91 ಪೆಟ್ರೋಲಿಗೆಂದು ಮಾಡಿದ್ದು. ಪೆಟ್ರೋಲಿನ ಮೇಲೆ ಪೂರ್ತಿ ನಂಬಿಕೆ ಇಲ್ಲದವರು ಎಲ್ಲಿದ್ದರೂ ಅದರಿಂದಲೇ ಶುರುಮಾಡುವುದು ಜಾಣತನ. ಆರ್‌ಒಎನ್ 91ಕ್ಕೆ ಇವುಗಳಲ್ಲಿ ಯಾವುದೂ ಹೊಂದುವುದಿಲ್ಲ. ಸ್ಟೇಜ್ 1 ಎಂದರೆ ಒಂದು ಭಾಗವನ್ನೂ ಬದಲಿಸದ ಕಾರು. ಇಂಟೇಕ್ (ಗಾಳಿ ಒಳಬರುವ ಕೊಳವೆ) ಬದಲಿಸಿದ್ದರೆ ಆ ಇಂಟೇಕಿಗೆಂದೇ ಮಾಡಿದ ಮ್ಯಾಪ್ ಬೇಕು. ಅದರ ಕಾರಣ ಮುಂದೆ ಬರುತ್ತದೆ.

ಇನ್ನು ಬೂಸ್ಟ್ ಮತ್ತು ಟೈಮಿಂಗ್. ಇವೆರಡನ್ನೂ ಒಟ್ಟಿಗೆ ಏರಿಸಲು ಹೊರಟರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಕಥೆ. ಎರಡೂ ಖರ್ಚುಮಾಡುವುದು ಒಂದೇ ಗಂಟನ್ನು, ಅಂದರೆ ಆ ಪೆಟ್ರೋಲ್ ನಾಕ್ ಆಗದೆ ತಡೆದುಕೊಳ್ಳುವಷ್ಟು ಒತ್ತಡ ಮತ್ತು ಬಿಸಿಯನ್ನು.

ಲೆಕ್ಕ ಹೀಗಿದೆ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಬೂಸ್ಟ್ 1.0 ಬಾರ್ ಎಂದುಕೊಳ್ಳಿ. ಅಂದರೆ ಪ್ರೆಶರ್ ರೇಶಿಯೊ (ಟರ್ಬೊ ಕಂಪ್ರೆಸರಿನಿಂದ ಹೊರಡುವ ಗಾಳಿಯ ಒತ್ತಡ ಒಳಬರುವುದರ ಎಷ್ಟು ಪಟ್ಟು ಎಂಬುದು) 2.0. ಕಂಪ್ರೆಸರ್ ಶೇ. 72 ದಕ್ಷತೆಯಲ್ಲಿ ಓಡುತ್ತಿದ್ದರೂ ಗಾಳಿ ಹೊರಬರುವುದು ಸುಮಾರು 122 ಡಿಗ್ರಿಯಲ್ಲಿ. ಬೂಸ್ಟ್ 1.4 ಬಾರ್‌ಗೆ ಏರಿಸಿ. ಸಣ್ಣ ಟರ್ಬೊ ತನ್ನ ದಕ್ಷತೆಯ ನಡುಭಾಗವನ್ನು ದಾಟಿ ಶೇ. 68ಕ್ಕೆ ಇಳಿದರೆ ಗಾಳಿ 157 ಡಿಗ್ರಿ ಮುಟ್ಟುತ್ತದೆ. ಇಂಟರ್‌ಕೂಲರ್ ಹೀಗೆ ಹೆಚ್ಚಾದ ಬಿಸಿಯಲ್ಲಿ ಶೇ. 70 ತೆಗೆದರೆ ಮ್ಯಾನಿಫೋಲ್ಡಿಗೆ ಹೋಗುವುದು ಕ್ರಮವಾಗಿ 58 ಮತ್ತು 68 ಡಿಗ್ರಿಯ ಗಾಳಿ. ಒತ್ತಡ ಶೇ. 20 ಏರಿತು, ಗಾಳಿಯ ಸಾಂದ್ರತೆ ಶೇ. 16ರಷ್ಟೇ ಏರಿತು. ನಾಕ್ ಮಾತ್ರ ಎರಡು ಕಡೆಯಿಂದ ಹತ್ತಿರ ಬಂತು: ಒತ್ತಡವೂ ಹೆಚ್ಚು, ಬಿಸಿಯೂ ಹೆಚ್ಚು. ಅದನ್ನು ದೂರ ಇಡಲು ಟೈಮಿಂಗ್ ಹಿಂದೆ ಸರಿಸಲೇಬೇಕು. ಪ್ರತಿ 1 ಪಿಎಸ್‌ಐಗೆ, ಅಂದರೆ 0.07 ಬಾರ್‌ಗೆ, 1 ಡಿಗ್ರಿ ಕಡಿಮೆ ಮಾಡಿ ಎಂಬ ಹಳೆಯ ಸೂತ್ರವೊಂದಿದೆ. ಶುರುವಿಗೆ ಅದು ಸಾಕು, ಕೊನೆಯ ಮಾತು ಅದಲ್ಲ.

ಟೈಮಿಂಗ್ ಹಿಂದೆ ಸರಿದಾಗ ಕಳೆದುಕೊಳ್ಳುವುದು ಎಷ್ಟು? ಒಂದು ಆರ್‌ಪಿಎಂ, ಒಂದು ಲೋಡಿನಲ್ಲಿ (ಇಂಜಿನ್ ಸುತ್ತಿಗೆ ಸೇರುವ ಗಾಳಿ) ಅತಿ ಹೆಚ್ಚು ಟಾರ್ಕ್ ಕೊಡುವ ಟೈಮಿಂಗ್‌ಗೆ ಎಂಬಿಟಿ ಎನ್ನುತ್ತಾರೆ. ಅಲ್ಲಿ ಸಿಲಿಂಡರ್ ಒತ್ತಡದ ತುದಿ ಪಿಸ್ಟನ್ ಮೇಲ್ತುದಿ ದಾಟಿ ಸುಮಾರು 15 ಡಿಗ್ರಿಯಲ್ಲಿ ಬೀಳುತ್ತದೆ. ಎಂಬಿಟಿ ಹತ್ತಿರ ಗ್ರಾಫ್ ಚಪ್ಪಟೆ, ಒಂದೆರಡು ಡಿಗ್ರಿ ಆಚೀಚೆಯಾದರೂ ಗೊತ್ತಾಗದು. ದೂರ ಹೋದಂತೆ ಕಡಿದಾಗುತ್ತದೆ: 5 ಡಿಗ್ರಿ ಹಿಂದಿರುವಾಗ ಆಗುವ ನಷ್ಟದ ನಾಲ್ಕರಷ್ಟು 10 ಡಿಗ್ರಿಯಲ್ಲಿ. ಬೂಸ್ಟ್ ಇರುವ ಇಂಜಿನ್ ಪಂಪ್ ಪೆಟ್ರೋಲಿನಲ್ಲಿ ಟಾರ್ಕ್ ತುದಿಯ ಹತ್ತಿರ ಎಂಬಿಟಿ ಮುಟ್ಟುವುದೇ ಇಲ್ಲ, ಅದಕ್ಕೂ ಮೊದಲೇ ನಾಕ್ ಅಡ್ಡ ಬರುತ್ತದೆ. ಈಗಾಗಲೇ 8 ಡಿಗ್ರಿ ಹಿಂದಿರುವ ಇಂಜಿನ್‌ಗೆ 0.1 ಬಾರ್ ಹೆಚ್ಚು ಬೂಸ್ಟ್ ಕೊಟ್ಟು, ಅದಕ್ಕಾಗಿ ಇನ್ನೂ ಒಂದೂವರೆ ಡಿಗ್ರಿ ತೆಗೆದರೆ, ಬೂಸ್ಟ್ ತಂದ ಶೇ. 3ರ ಆಸುಪಾಸಿನ ಲಾಭವನ್ನು ಟೈಮಿಂಗ್ ಬಹುಪಾಲು ನುಂಗಿಹಾಕುತ್ತದೆ. ಕೈಗೆ ಉಳಿಯುವುದು ಏರಿದ ಎಕ್ಸಾಸ್ಟ್ ಬಿಸಿ ಮಾತ್ರ. ತಡವಾಗಿ ಉರಿದ ಮಿಶ್ರಣ ಪಿಸ್ಟನ್ ತಳ್ಳುವ ಬದಲು ಎಕ್ಸಾಸ್ಟ್ ವಾಲ್ವ್ ಮತ್ತು ಟರ್ಬೈನನ್ನು ಕಾಯಿಸುತ್ತದೆ.

ಆ ಬಿಸಿಯೇ ಇನ್ನೊಂದು ಆಟವನ್ನೂ ಆಡುತ್ತದೆ. ಎಕ್ಸಾಸ್ಟ್ ಬಿಸಿಯಾದಷ್ಟೂ ಟರ್ಬೈನ್‌ಗೆ ಶಕ್ತಿ ಹೆಚ್ಚು, ಹಾಗಾಗಿ ವೇಸ್ಟ್‌ಗೇಟ್ ಡ್ಯೂಟಿ (ಎಕ್ಸಾಸ್ಟನ್ನು ಟರ್ಬೈನ್ ತಪ್ಪಿಸಿ ಬಿಡುವ ಕವಾಟವನ್ನು ಮುಚ್ಚಿಡಲು ಇಸಿಯು ಕೊಡುವ ಶೇಕಡಾ ಆಜ್ಞೆ) ಅಷ್ಟೇ ಇದ್ದರೂ ಬೂಸ್ಟ್ ಮೇಲೇರುತ್ತದೆ. ನಾಕ್ ಬಂತೆಂದು ಇಸಿಯು ಟೈಮಿಂಗ್ ಎಳೆಯಿತು, ಅದರಿಂದ ಬೂಸ್ಟ್ ಇನ್ನೂ ಏರಿತು, ಮತ್ತೆ ನಾಕ್. ಟೈಮಿಂಗ್ ಟೇಬಲ್ ಮುಟ್ಟಿದ ಮೇಲೆ ಬೂಸ್ಟ್ ಲಾಗ್ ಮತ್ತೊಮ್ಮೆ ನೋಡಲೇಬೇಕು ಎನ್ನುವುದು ಇದೇ ಕಾರಣಕ್ಕೆ.

ಈಗ ಪರದೆಯ ಮೇಲಿನ ಮಾನಿಟರ್‌ಗಳು. ಸುಬಾರು ಇಸಿಯುವಿನಲ್ಲಿ ಕೊನೆಗೆ ಸ್ಪಾರ್ಕ್ ಬೀಳುವ ಟೈಮಿಂಗ್ ನಾಲ್ಕು ಭಾಗಗಳ ಮೊತ್ತ: ಬೇಸ್ ಟೈಮಿಂಗ್, ಅದಕ್ಕೆ ಡೈನಮಿಕ್ ಅಡ್ವಾನ್ಸ್ ಅನ್ನು ಡಿಎಎಂ ಎಂಬ ಗುಣಾಂಕದಿಂದ ಗುಣಿಸಿ ಕೂಡಿಸಿದ್ದು, ಫೀಡ್‌ಬ್ಯಾಕ್ ನಾಕ್, ಫೈನ್ ನಾಕ್ ಲರ್ನ್. ಬೇಸ್ 10, ಡೈನಮಿಕ್ ಅಡ್ವಾನ್ಸ್ 4, ಡಿಎಎಂ 1 ಇದ್ದರೆ 14 ಡಿಗ್ರಿ. ಡಿಎಎಂ 0.75ಕ್ಕೆ ಇಳಿದರೆ 13. ಫೀಡ್‌ಬ್ಯಾಕ್ ನಾಕ್ ಆ ಕ್ಷಣದ ಪ್ರತಿಕ್ರಿಯೆ. ಸೆನ್ಸರ್‌ಗೆ ಸದ್ದು ಕೇಳಿದ ತಕ್ಷಣ −1.4ರ ಆಸುಪಾಸು, ನಿಲ್ಲದಿದ್ದರೆ −2.1, −2.8 ಎಂದು ಇಳಿಯುತ್ತದೆ, ಸದ್ದು ನಿಂತರೆ ಹಂತಹಂತವಾಗಿ ಸೊನ್ನೆಗೆ ಮರಳುತ್ತದೆ. ಫೈನ್ ನಾಕ್ ಲರ್ನ್ ಎಂದರೆ ನೆನಪು, ಯಾವ ಆರ್‌ಪಿಎಂ, ಯಾವ ಲೋಡಿನಲ್ಲಿ ನಾಕ್ ಆಗಿತ್ತೋ ಟೇಬಲ್‌ನ ಆ ಕೋಣೆಯಲ್ಲಿ ಉಳಿದುಕೊಳ್ಳುತ್ತದೆ. ಡಿಎಎಂ ಇಡೀ ಮ್ಯಾಪಿಗೆ ಒಂದೇ ಗುಣಾಂಕ, 0ಯಿಂದ 1ರವರೆಗೆ. ಅದು 1ರಿಂದ ಕೆಳಗಿಳಿದಿದ್ದರೆ ಪೆಟ್ರೋಲ್ ಆ ಮ್ಯಾಪಿಗೆ ಸಾಲುತ್ತಿಲ್ಲ ಅಥವಾ ಇಂಜಿನ್‌ನಲ್ಲಿ ಏನೋ ಕೆಟ್ಟಿದೆ. ಕಾರಣ ಸಿಗುವವರೆಗೆ ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ.

ಪ್ರತಿ −1.4ಕ್ಕೂ ಬೆಚ್ಚಬೇಕಿಲ್ಲ. ಗೇರ್ ಬದಲಿಸಿದಾಗ, ಆಕ್ಸಿಲರೇಟರ್ ದಿಢೀರನೆ ತುಳಿದಾಗ ಒಂಟಿಯಾಗಿ ಬಂದು ಹೋಗುವ −1.4 ಸಾಮಾನ್ಯ. ಸೆನ್ಸರ್ ಕೇಳುವುದು ಒಂದು ಕಂಪನವನ್ನು. ಸಿಲಿಂಡರ್ ವ್ಯಾಸ 99.5 ಮಿಮೀ ಇರುವ 2.5 ಲೀಟರ್ ಇಜೆಯಲ್ಲಿ ನಾಕ್ ಸದ್ದು 5.8 ಕಿಲೋಹರ್ಟ್ಸ್ ಸುತ್ತ, 86 ಮಿಮೀ ಇರುವ ಎಫ್‌ಎ20ಯಲ್ಲಿ 6.7ರ ಸುತ್ತ. ಬಾಡಿಗೆ ತಾಗುವ ಡೌನ್‌ಪೈಪ್, ಸಡಿಲ ಹೀಟ್ ಶೀಲ್ಡ್, ಗಡುಸು ಇಂಜಿನ್ ಮೌಂಟ್ ಕೂಡ ಅದೇ ಆಸುಪಾಸಿನಲ್ಲಿ ಕಿರುಚಬಲ್ಲವು. ಗುರುತಿಸುವ ಬಗೆ ಇದು: ಒಳ್ಳೆಯ ಆಕ್ಟೇನ್ ತುಂಬಿಸಿ, ಅದೇ ಜಾಗದಲ್ಲಿ 2 ಡಿಗ್ರಿ ಟೈಮಿಂಗ್ ತೆಗೆದ ಮೇಲೂ ಅದೇ ಆರ್‌ಪಿಎಂಗೆ ಅಷ್ಟೇ ನಾಕ್ ತೋರಿಸಿದರೆ ಸುಳ್ಳು ಸದ್ದು ಎಂದು ಅನುಮಾನಿಸಬಹುದು. ಅಷ್ಟಾದರೂ ಸೆನ್ಸರಿನ ಸೂಕ್ಷ್ಮತೆಯನ್ನು ಕುಗ್ಗಿಸುವ ಉಪಾಯಕ್ಕೆ ಕೈಹಾಕಬೇಡಿ, ತಾಗುತ್ತಿರುವ ಪೈಪನ್ನು ಸರಿಮಾಡಿ.

ಲಾಗ್ ತೆಗೆಯಲು ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಟಾರ್ಕ್ ಅಳೆಯುವ ಯಂತ್ರ) ಅಥವಾ ಮುಚ್ಚಿದ ಟ್ರ್ಯಾಕ್ ಬೇಕು, ಸಾರ್ವಜನಿಕ ರಸ್ತೆ ಇದಕ್ಕಲ್ಲ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ 1:1ಕ್ಕೆ ಹತ್ತಿರದ ಗೇರಿನಲ್ಲಿ 2,500 ಆರ್‌ಪಿಎಂನಿಂದ ರೆಡ್‌ಲೈನ್‌ವರೆಗೆ ಆಕ್ಸಿಲರೇಟರ್ ಪೂರ್ತಿ. ಮಾನಿಟರ್ ಪಟ್ಟಿ ಚಿಕ್ಕದಾಗಿರಲಿ. ಸಾಲುಗಳು ಹೆಚ್ಚಾದಷ್ಟೂ ಸೆಕೆಂಡಿಗೆ ಸಿಗುವ ಸ್ಯಾಂಪಲ್ ಕಡಿಮೆ, ಎರಡು ಸ್ಯಾಂಪಲ್ ನಡುವೆ ಬೂಸ್ಟ್ ಸ್ಪೈಕ್ ಜಾರಿಹೋಗುತ್ತದೆ. ಆರ್‌ಪಿಎಂ, ಥ್ರಾಟಲ್, ಟಾರ್ಗೆಟ್ ಬೂಸ್ಟ್, ನಿಜ ಬೂಸ್ಟ್, ವೇಸ್ಟ್‌ಗೇಟ್ ಡ್ಯೂಟಿ, ಟೈಮಿಂಗ್, ಫೀಡ್‌ಬ್ಯಾಕ್ ನಾಕ್, ಫೈನ್ ನಾಕ್, ಡಿಎಎಂ, ಲೋಡ್, ಏರ್-ಫ್ಯುಯೆಲ್ ರೇಶಿಯೊ ಇದ್ದರೆ ಸಾಕು.

ಒಂದು ಮಾದರಿ ಲಾಗ್ ಹತ್ತಿರದಿಂದ ನೋಡೋಣ.

3,000 ಆರ್‌ಪಿಎಂ: ಟಾರ್ಗೆಟ್ 1.00 ಬಾರ್, ನಿಜ 0.92, ಡ್ಯೂಟಿ ಶೇ. 74, ಟೈಮಿಂಗ್ 13.5, ನಾಕ್ 0.
3,400: ಟಾರ್ಗೆಟ್ 1.15, ನಿಜ 1.27, ಡ್ಯೂಟಿ ಶೇ. 66, ಟೈಮಿಂಗ್ 11, ನಾಕ್ 0.
3,700: ಟಾರ್ಗೆಟ್ 1.15, ನಿಜ 1.25, ಡ್ಯೂಟಿ ಶೇ. 58, ಟೈಮಿಂಗ್ 8.6, ನಾಕ್ −1.4.
4,000: ಟಾರ್ಗೆಟ್ 1.15, ನಿಜ 1.19, ಡ್ಯೂಟಿ ಶೇ. 55, ಟೈಮಿಂಗ್ 8.9, ನಾಕ್ −2.1.
5,500: ಟಾರ್ಗೆಟ್ 1.05, ನಿಜ 1.04, ಡ್ಯೂಟಿ ಶೇ. 60, ಟೈಮಿಂಗ್ 17, ನಾಕ್ 0.

ನಾಕ್ ಕಂಡಿದ್ದು 3,700ರಲ್ಲಿ. ಹಾಗೆಂದು ಅಲ್ಲಿನ ಟೈಮಿಂಗ್ ಕೋಣೆಗೆ ಕೈಹಾಕಿದರೆ ರೋಗ ಬಿಟ್ಟು ಲಕ್ಷಣಕ್ಕೆ ಮದ್ದು ಕೊಟ್ಟ ಹಾಗೆ. ತಪ್ಪು ಆದದ್ದು 3,000 ಮತ್ತು 3,400ರ ನಡುವೆ. ಟರ್ಬೊ ಸ್ಪೂಲ್ ಆಗುವಾಗ (ವೇಗ ಪಡೆಯುವಾಗ) ಡ್ಯೂಟಿ ಹೆಚ್ಚಿತ್ತು, ಬೂಸ್ಟ್ ಟಾರ್ಗೆಟನ್ನು 0.12 ಬಾರ್ ಹಾರಿತು, ಇಸಿಯು ಡ್ಯೂಟಿ ಇಳಿಸಿ ಹಿಡಿಯುವಷ್ಟರಲ್ಲಿ ಟಾರ್ಕ್ ತುದಿ ಬಂದಿತ್ತು. ಆ ಭಾಗದಲ್ಲಿ ಇನಿಶಿಯಲ್ ವೇಸ್ಟ್‌ಗೇಟ್ ಡ್ಯೂಟಿಯನ್ನು 3 ಶೇಕಡಾ ಅಂಶ ಇಳಿಸಿ ಮತ್ತೆ ಲಾಗ್ ತೆಗೆಯಿರಿ. ಹಾರುವುದು 0.03 ಬಾರ್ ಒಳಗೆ ಬಂದು ನಾಕ್ ಮಾಯವಾದರೆ ಟೈಮಿಂಗ್ ಮುಟ್ಟುವ ಅಗತ್ಯವೇ ಇಲ್ಲ. ಬೂಸ್ಟ್ ಟಾರ್ಗೆಟ್ ಮೇಲೆಯೇ ಕೂತಿದ್ದೂ ನಾಕ್ ಉಳಿದಿದ್ದರೆ ಆಗ ಆ ಕೋಣೆಗಳಲ್ಲಿ 1ರಿಂದ 1.5 ಡಿಗ್ರಿ ತೆಗೆಯಬಹುದು, ಇಲ್ಲವೇ ಟಾರ್ಗೆಟನ್ನು 0.07 ಬಾರ್ ಇಳಿಸಬಹುದು. ಟಾರ್ಕ್ ತುದಿಯಲ್ಲಿ ಟೈಮಿಂಗ್ ಆಗಲೇ ಒಂದಂಕಿಗೆ ಇಳಿದಿದ್ದರೆ ಬೂಸ್ಟ್ ಇಳಿಸುವುದೇ ಸರಿ. ಮೇಲಿನ ಲೆಕ್ಕ ಹೇಳಿದ್ದೂ ಅದನ್ನೇ.

ಬೂಸ್ಟ್ ಗೆರೆ ಹಾವಿನಂತೆ ಮೇಲೆ ಕೆಳಗೆ ಓಲಾಡುತ್ತಿದ್ದರೆ ದೋಷ ಟರ್ಬೊ ಡೈನಮಿಕ್ಸ್ ಟೇಬಲ್‌ನ ಇಂಟಿಗ್ರಲ್ ಭಾಗದ್ದು, ತಿದ್ದುಪಡಿ ಅತಿಯಾಗುತ್ತಿದೆ. 5,500 ದಾಟಿದ ಮೇಲೆ ಡ್ಯೂಟಿ ಏರುತ್ತಲೇ ಹೋದರೂ ಬೂಸ್ಟ್ ಬೀಳುತ್ತಿದ್ದರೆ ಅದು ಟರ್ಬೊ ತನ್ನ ಮಿತಿ ಮುಟ್ಟಿದ ಸೂಚನೆ. ಸುಬಾರು ಎಸ್‌ಟಿಐ ಕಾರಿನ ವಿಎಫ್48ನಂಥ ಟರ್ಬೊಗಳು ರೆಡ್‌ಲೈನ್‌ವರೆಗೂ ದೊಡ್ಡ ಬೂಸ್ಟ್ ಹಿಡಿದಿಡುವುದಿಲ್ಲ. ಅಲ್ಲಿ ಬಲವಂತ ಮಾಡಿದರೆ ಬರುವುದು ಬರೀ ಬಿಸಿಗಾಳಿ. ಟಾರ್ಗೆಟನ್ನು ಇಳಿಜಾರಾಗಿ ಬಿಟ್ಟು, ಆ ಜಾಗದಲ್ಲಿ ಟೈಮಿಂಗ್ ಸೇರಿಸಿದರೆ ಮೇಲಿನ ಆರ್‌ಪಿಎಂನಲ್ಲಿ ಕಾರು ಇನ್ನಷ್ಟು ಚೆನ್ನಾಗಿ ಓಡುತ್ತದೆ. ವೇಗ ಹೆಚ್ಚಿದಂತೆ ನಾಕ್ ಆಗಲು ಸಮಯವೂ ಕಡಿಮೆ, ಹಾಗಾಗಿ ಟಾರ್ಕ್ ತುದಿಗಿಂತ ರೆಡ್‌ಲೈನ್ ಹತ್ತಿರ ಟೈಮಿಂಗ್ ಹಲವು ಡಿಗ್ರಿ ಮುಂದಿರುವುದು ಸಹಜ.

ಹಾರ್ಡ್‌ವೇರ್ ಕಡೆ ಎರಡು ಮಾತು. ಇಜೆ ಕಾರುಗಳ ಮೂಲ ಬೂಸ್ಟ್ ಕಂಟ್ರೋಲ್ ಗಾಳಿ ಸೋರಿಸುವ ಬಗೆಯದು. ಟರ್ಬೊದಿಂದ ವೇಸ್ಟ್‌ಗೇಟ್ ಕಡೆ ಹೋಗುವ ಹೋಸ್ ಒಳಗೆ ಗಾಳಿಯ ದಾರಿ ಕಿರಿದು ಮಾಡುವ ಸಣ್ಣ ಹಿತ್ತಾಳೆಯ ರಿಸ್ಟ್ರಿಕ್ಟರ್ ಇರುತ್ತದೆ. ಸಿಲಿಕೋನ್ ಹೋಸ್ ಹಾಕುವ ಭರದಲ್ಲಿ ಹಳೆಯ ಹೋಸ್ ಜೊತೆ ಅದನ್ನೂ ಎಸೆಯುವವರಿದ್ದಾರೆ. ಆಮೇಲೆ ಬೂಸ್ಟ್ ಸೊಲೆನಾಯ್ಡ್ (ಇಸಿಯು ನಡೆಸುವ ವಿದ್ಯುತ್ ಕವಾಟ) ಎಷ್ಟು ಸೋರಿಸಿದರೂ ವೇಸ್ಟ್‌ಗೇಟ್‌ಗೆ ಒತ್ತಡ ತುಂಬುತ್ತಲೇ ಇರುತ್ತದೆ, ಬೂಸ್ಟ್ ಏರುವುದೇ ಇಲ್ಲ. ಮ್ಯಾಪ್ ಸರಿಯಿಲ್ಲ ಎಂದು ಬೈಯುವ ಮುಂಚೆ ಆ ಹೋಸ್ ಒತ್ತಿ ನೋಡಿ. ಇದಕ್ಕೆ ತದ್ವಿರುದ್ಧ ತಪ್ಪು 3 ಪೋರ್ಟ್ ಸೊಲೆನಾಯ್ಡ್ ಹಾಕಿ ಹಳೆಯ ಮ್ಯಾಪ್‌ನಲ್ಲೇ ಓಡಿಸುವುದು. ಅದೇ ಡ್ಯೂಟಿಗೆ ಅದು ತುಂಬ ಹೆಚ್ಚು ಬೂಸ್ಟ್ ಕೊಡುತ್ತದೆ, ಮೊದಲ ಸಲ ತುಳಿದಾಗಲೇ ಓವರ್‌ಬೂಸ್ಟ್. ಹೊಸ ಸೊಲೆನಾಯ್ಡ್ ಹಾಕಿದ ದಿನ ಡ್ಯೂಟಿ ಸೊನ್ನೆ ಮಾಡಿ ಒಮ್ಮೆ ಓಡಿಸಿ. ಆಗ ಬರುವುದು ಬರೀ ವೇಸ್ಟ್‌ಗೇಟ್ ಸ್ಪ್ರಿಂಗಿನ ಬೂಸ್ಟ್. ಅದಕ್ಕಿಂತ ಹೆಚ್ಚು ಬಂದರೆ ಹೋಸ್ ತಪ್ಪು ಪೋರ್ಟಿಗೆ ಹೋಗಿದೆ ಅಥವಾ ವೇಸ್ಟ್‌ಗೇಟ್ ಸಾಕಷ್ಟು ತೆರೆಯುತ್ತಿಲ್ಲ. ಫ್ಯುಯೆಲ್ ಕಟ್ (ಬೂಸ್ಟ್ ಮೀರಿದರೆ ಪೆಟ್ರೋಲ್ ನಿಲ್ಲಿಸುವ) ಮಿತಿಯನ್ನು ಟಾರ್ಗೆಟ್ ಮೇಲೆ 0.15ರಿಂದ 0.2 ಬಾರ್‌ನಲ್ಲಿ ಇಡಿ. ಕಟ್ ಕಾಡುತ್ತದೆಂದು ಅದನ್ನು ಮೇಲಕ್ಕೆ ಎತ್ತಿಟ್ಟರೆ ಇಂಜಿನ್‌ಗೆ ಇರುವ ಕೊನೆಯ ಕಾವಲೂ ಹೋಯಿತು.

ಇನ್ನೊಂದು ಕಳ್ಳದಾರಿ ಒಳಬರುವ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್. ಸುಬಾರು ಇಸಿಯು ಟೈಮಿಂಗ್ ಟೇಬಲ್ ಓದುವುದು ಬೂಸ್ಟ್ ಸಂಖ್ಯೆಯಿಂದಲ್ಲ, ಒಂದು ಸುತ್ತಿಗೆ ಎಷ್ಟು ಗ್ರಾಂ ಗಾಳಿ ಬಂತು ಎಂಬ ಲೋಡಿನಿಂದ. 5,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಗ್ರಾಂ ಗಾಳಿ ಬಂದರೆ ಲೋಡ್ 2.4. ಅಗಲದ ಇಂಟೇಕ್ ಹಾಕಿ ಸ್ಕೇಲಿಂಗ್ ತಿದ್ದದೆ, ಸೆನ್ಸರ್ ಶೇ. 10 ಕಡಿಮೆ ಓದಿದರೆ ಇಸಿಯು ಅದನ್ನು 2.16 ಎಂದು ನಂಬುತ್ತದೆ. ಕಡಿಮೆ ಲೋಡಿನ ಕೋಣೆಯಲ್ಲಿ ಟೈಮಿಂಗ್ ಹೆಚ್ಚು, ಜೊತೆಗೆ ಪೆಟ್ರೋಲೂ ಶೇ. 10 ಕಡಿಮೆ. ಬೂಸ್ಟ್ ಒಂದಿಷ್ಟೂ ಏರಿಸದೆ ನಾಕ್ ಕರೆತರುವ ಸುಲಭ ದಾರಿ ಇದು. ಇಂಟೇಕ್‌ಗೆ ತಕ್ಕ ಮ್ಯಾಪ್ ಬೇಕು ಎಂದಿದ್ದು ಇದಕ್ಕೇ. ಪೂರ್ತಿ ತುಳಿದಾಗ ಪೆಟ್ರೋಲಿನಲ್ಲಿ ಏರ್-ಫ್ಯುಯೆಲ್ ರೇಶಿಯೊ 11.0ರಿಂದ 11.8ರ ನಡುವೆ ಇರಲಿ, ಲ್ಯಾಂಬ್ಡಾದಲ್ಲಿ 0.75ರಿಂದ 0.80. ಇಜೆಯ ಮುಂದಿನ ಆಕ್ಸಿಜನ್ ಸೆನ್ಸರ್ ಟರ್ಬೊಗಿಂತ ಮುಂಚೆ ಕೂತಿದೆ. ಬೂಸ್ಟ್ ಇರುವಾಗ, ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಇರುವಾಗ ಅದರ ಮಾತು ನಂಬುವಂತಿಲ್ಲ. ಡೌನ್‌ಪೈಪ್‌ನಲ್ಲಿ ಬೇರೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿ ಓದಿ.

ಅಕ್ಸೆಸ್‌ಪೋರ್ಟ್ ಪರದೆಯಲ್ಲಿ ಕಾಣುವ ಇಂಟೇಕ್ ತಾಪಮಾನವೂ ಇಜೆಯಲ್ಲಿ ದಾರಿ ತಪ್ಪಿಸುತ್ತದೆ. ಆ ಸೆನ್ಸರ್ ಮ್ಯಾಫ್ ಒಳಗೇ ಇದೆ, ಅಂದರೆ ಗಾಳಿ ಟರ್ಬೊ ಸೇರುವ ಮೊದಲೇ. ಇಂಜಿನ್ ಮೇಲೆ ಕೂತ ಇಂಟರ್‌ಕೂಲರ್ ಟ್ರಾಫಿಕ್‌ನಲ್ಲಿ ಕಾದು ಕೆಂಡವಾಗಿದ್ದರೂ ಪರದೆ 35 ಡಿಗ್ರಿ ಎನ್ನಬಹುದು, ಇಸಿಯುವಿಗೂ ಅಷ್ಟೇ ಗೊತ್ತು. ಹಾಗಾಗಿ ತಂಪು ಹವೆಯಲ್ಲಿ, ಚೆನ್ನಾಗಿ ಗಾಳಿ ಹಾಯ್ದ ಮೇಲೆ ತೆಗೆದ ಒಂದೇ ಲಾಗ್ ನೋಡಿ ಟೈಮಿಂಗ್ ಸೇರಿಸಬೇಡಿ. ಬೆನ್ನುಬೆನ್ನಿಗೆ ಮೂರನೇ ಓಟದ ಲಾಗ್ ಯಾವಾಗಲೂ ಹೆಚ್ಚು ಪ್ರಾಮಾಣಿಕ. ಸಾಧ್ಯವಾದರೆ ಮ್ಯಾನಿಫೋಲ್ಡಿನಲ್ಲಿ ಒಂದು ತಾಪಮಾನ ಸೆನ್ಸರ್ ಹಾಕಿ. ಎತ್ತರದ ಊರುಗಳಲ್ಲಿ ಓಡುವ ಕಾರಿಗೆ ಇನ್ನೊಂದು ತೊಡಕು. 1,500 ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 0.845 ಬಾರ್. ಅಲ್ಲಿ ಗೇಜಿನಲ್ಲಿ ಅದೇ 1.0 ಬಾರ್ ಕೇಳಿದರೆ ಪ್ರೆಶರ್ ರೇಶಿಯೊ 2.0ರ ಬದಲು 2.18. ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕು, ಗಾಳಿ ಇನ್ನೂ ಕಾಯುತ್ತದೆ. ಬ್ಯಾರೊಮೆಟ್ರಿಕ್ ಕಾಂಪೆನ್ಸೇಶನ್ ಟೇಬಲ್ ಇರುವುದು ಅದಕ್ಕೆ, ಸೊನ್ನೆ ಮಾಡಿ ಬಿಡಲು ಅಲ್ಲ.

ರೆಡಿಮೇಡ್ ಮ್ಯಾಪ್ ಬಿಟ್ಟು ಸ್ವಂತ ಟ್ಯೂನ್ ಮಾಡಿಸುವವರಿಗೆ, ಅಥವಾ ಕಾಬ್‌ನ ಅಕ್ಸೆಸ್‌ಟ್ಯೂನರ್ ಸಾಫ್ಟ್‌ವೇರ್‌ನಲ್ಲಿ ತಾವೇ ಕೂರುವವರಿಗೆ ಕೆಲಸದ ಕ್ರಮ ಮುಖ್ಯ. ಮೊದಲು ಕಂಪ್ರೆಶನ್ ಮತ್ತು ಲೀಕ್‌ಡೌನ್ ಪರೀಕ್ಷೆ, ಆಮೇಲೆ ಇಂಟೇಕ್ ವ್ಯವಸ್ಥೆಗೆ ಒತ್ತಡದ ಗಾಳಿ ತುಂಬಿ ಸೋರಿಕೆ ಹುಡುಕುವುದು. ಮ್ಯಾಫ್ ದಾಟಿದ ಮೇಲೆ ಸೋರಿದ ಗಾಳಿಗೂ ಇಸಿಯು ಪೆಟ್ರೋಲ್ ಹಾಕುತ್ತದೆ, ಟಾರ್ಗೆಟ್ ಮುಟ್ಟಲು ಟರ್ಬೊ ಸುಮ್ಮನೆ ಏಗುತ್ತದೆ. ಪ್ಲಗ್‌ಗಳನ್ನು ಒಂದು ಹಂತ ತಂಪಿನದಕ್ಕೆ ಬದಲಿಸಿ, ಇಜೆಯಲ್ಲಿ ಎನ್‌ಜಿಕೆ ಲೆಕ್ಕದಲ್ಲಿ 6ರ ಬದಲು 7. ಗ್ಯಾಪ್ 0.6ರಿಂದ 0.7 ಮಿಮೀ. ಗ್ಯಾಪ್ ದೊಡ್ಡದಿದ್ದರೆ ಬೂಸ್ಟ್ ಏರಿದಾಗ ಕಿಡಿ ಆರಿ ಕಾರು ತಡವರಿಸುತ್ತದೆ. ಅದನ್ನು ನಾಕ್ ಎಂದೋ ಫ್ಯುಯೆಲ್ ಕಟ್ ಎಂದೋ ತಪ್ಪಾಗಿ ಓದುವುದು ಸುಲಭ. ನಂತರ ಸ್ಪ್ರಿಂಗ್ ಬೂಸ್ಟಿನಲ್ಲಿ ಮ್ಯಾಫ್ ಮತ್ತು ಇಂಧನ ಸರಿಮಾಡಿ. ಟೈಮಿಂಗ್ ಅನ್ನು ಉದ್ದೇಶಪೂರ್ವಕ 3ರಿಂದ 4 ಡಿಗ್ರಿ ಹಿಂದಿಟ್ಟು, ಬೂಸ್ಟನ್ನು 0.1 ಬಾರ್‌ನಂತೆ ಏರಿಸುತ್ತ ಟಾರ್ಗೆಟ್‌ವರೆಗೆ ಹೋಗಿ. ಬೂಸ್ಟ್ ನೆಟ್ಟಗಾದ ಮೇಲೆಯೇ ಟೈಮಿಂಗ್ ಸೇರಿಸುವುದು, ಮೊದಲು 1 ಡಿಗ್ರಿ, ಆಮೇಲೆ ಅರ್ಧ. ಡೈನೊದಲ್ಲಿ ಒಂದು ಡಿಗ್ರಿಗೆ ಟಾರ್ಕ್ ಏರದೆ ಹೋದರೆ ಅಲ್ಲೇ ನಿಲ್ಲಿಸಿ ಹಿಂದಿನ ಅಂಕಿಗೆ ಬನ್ನಿ, ನಾಕ್ ಬಂದಿಲ್ಲ ಎಂಬುದು ಮುಂದುವರಿಯಲು ಕಾರಣವಲ್ಲ. ನಾಕ್ ಮೊದಲು ಬಂದರೆ ಅಲ್ಲಿಂದ 2 ಡಿಗ್ರಿ ಹಿಂದೆ. ಆ ಎರಡು ಡಿಗ್ರಿ ಕೆಟ್ಟ ಟ್ಯಾಂಕ್ ಪೆಟ್ರೋಲ್, ಬೇಸಿಗೆ, ಕ್ರ್ಯಾಂಕ್‌ಕೇಸ್‌ನಿಂದ ಬರುವ ಎಣ್ಣೆ ಆವಿ ಇವಕ್ಕೆಲ್ಲ ಮೀಸಲು. ಎಣ್ಣೆ ಆವಿ ಇಂಟೇಕ್‌ಗೆ ಸೇರಿದರೆ ಮಿಶ್ರಣದ ಆಕ್ಟೇನ್ ಇಳಿಯುತ್ತದೆ, ಟ್ರ್ಯಾಕ್‌ಗೆ ಹೋಗುವ ಇಜೆಗೆ ಒಳ್ಳೆಯ ಏರ್-ಆಯಿಲ್ ಸೆಪರೇಟರ್ ಹೊಸ ಟರ್ಬೊಗಿಂತ ಮೊದಲು ಬೇಕು.

2.5 ಲೀಟರಿನ ಇಜೆ257ರಲ್ಲಿ ಇಷ್ಟು ಜತನ ಯಾಕೆಂದರೆ ಅದರ ಎರಕದ ಪಿಸ್ಟನ್‌ಗಳು ನಾಕ್ ಸಹಿಸುವುದಿಲ್ಲ. ರಿಂಗ್‌ಗಳ ನಡುವಿನ ಅಂಚು ಒಡೆಯುವುದು ಈ ಇಂಜಿನ್‌ನ ಹೆಸರಾಂತ ಕಾಯಿಲೆ, ಅದರಲ್ಲೂ 4ನೇ ಸಿಲಿಂಡರ್. ಐದನೇ ಗೇರಿನಲ್ಲಿ 2,500ಕ್ಕೆ ಪೂರ್ತಿ ತುಳಿಯುವುದು ಮೂರನೇ ಗೇರಿನಲ್ಲಿ ರೆಡ್‌ಲೈನ್ ಮುಟ್ಟಿಸುವುದಕ್ಕಿಂತ ಕೆಟ್ಟದ್ದು. ಲೋಡ್ ಹೆಚ್ಚು ಹೊತ್ತು ನಿಲ್ಲುತ್ತದೆ, ಸಿಲಿಂಡರ್ ಕಾಯುತ್ತದೆ, ಮೂರನೇ ಗೇರಿನ ಲಾಗ್‌ನಲ್ಲಿ ಕಾಣದ ನಾಕ್ ಅಲ್ಲಿ ಕಾಣುತ್ತದೆ. 3,000ಕ್ಕಿಂತ ಕೆಳಗೆ ಬೂಸ್ಟ್ ಟಾರ್ಗೆಟ್ ತಗ್ಗಿಸಿಡುವ ಟ್ಯೂನರ್ ಕಂಡರೆ ಪಿಕಪ್ ಕಡಿಮೆ ಮಾಡಿದ ಎಂದು ದೂರಬೇಡಿ, ಆತನಿಗೆ ಕೆಲಸ ಗೊತ್ತಿದೆ.

ಬದಲಿ ಆಯ್ಕೆ ಇದೆಯೇ? ಇಜೆ ಕಾರುಗಳಿಗೆ ಟ್ಯಾಕ್ಟ್ರಿಕ್ಸ್ ಓಪನ್‌ಪೋರ್ಟ್ 2.0 ಕೇಬಲ್, ಜೊತೆಗೆ ಉಚಿತವಾದ ರೋಮ್‌ರೈಡರ್ ಮತ್ತು ಇಸಿಯುಫ್ಲ್ಯಾಶ್ ಸಾಫ್ಟ್‌ವೇರ್. ಟೇಬಲ್‌ಗಳು ಹೆಚ್ಚುಕಡಿಮೆ ಅವೇ, ಡಿಎಎಂ ಅಲ್ಲಿ ಐಎಎಂ ಎಂಬ ಹೆಸರಿನಲ್ಲಿ ಬರುತ್ತದೆ, ಹಳೆಯ 16 ಬಿಟ್ ಇಸಿಯುಗಳಲ್ಲಿ 0ಯಿಂದ 16ರವರೆಗೆ ಎಣಿಸುತ್ತದೆ. ಲ್ಯಾಪ್‌ಟಾಪ್ ಹಿಡಿದು ಕೂರುವ ತಾಳ್ಮೆ ಇರುವವರಿಗೆ ಹಣ ಉಳಿಯುತ್ತದೆ. ರೆಡಿಮೇಡ್ ಮ್ಯಾಪ್ ಮತ್ತು ಲ್ಯಾಪ್‌ಟಾಪ್ ಇಲ್ಲದೆ ಲಾಗ್ ತೆಗೆಯುವ ಸೌಕರ್ಯ ಬೇಕಾದವರಿಗೆ, ಎಫ್‌ಎ20 ಕಾರಿನವರಿಗೆ, ದೂರದ ಟ್ಯೂನರ್‌ಗೆ ಲಾಗ್ ಕಳಿಸಿ ಮ್ಯಾಪ್ ತರಿಸಿಕೊಳ್ಳುವವರಿಗೆ ಅಕ್ಸೆಸ್‌ಪೋರ್ಟ್ ವಾಸಿ. ಪರದೆಯನ್ನು ಡ್ಯಾಶ್ ಮೇಲೆ ಗೇಜಿನಂತೆ ಬಿಡುವವರು ಬೂಸ್ಟ್ ಸಂಖ್ಯೆ ಇಟ್ಟುಕೊಳ್ಳುವುದು ವಾಡಿಕೆ. ಅದರ ಜಾಗದಲ್ಲಿ ಡಿಎಎಂ, ಫೀಡ್‌ಬ್ಯಾಕ್ ನಾಕ್, ಫೈನ್ ನಾಕ್ ಈ ಮೂರನ್ನು ಇಡಿ. ಹೊಸ ಟ್ಯಾಂಕ್ ಪೆಟ್ರೋಲ್ ತುಂಬಿಸಿದ ಮೇಲಂತೂ ಪೂರ್ತಿ ತುಳಿಯುವ ಮುನ್ನ ಡಿಎಎಂ 1ರಲ್ಲೇ ಇದೆಯೇ ಎಂದು ನೋಡಿಕೊಳ್ಳಿ.